ಮೊಲ ಹೇಳಿದ್ದು, ಇಲಿ ಹೇಳಿದ್ದು: ನ್ಯುಮೋನಿಯಾ ಲಸಿಕೆಯ ಆರಂಭದ ದಿನಗಳು

(ಸಂಘದ ವಾರ್ಷಿಕ ಸಮಾವೇಶದಲ್ಲಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ವಿದ್ಯಾರ್ಥಿಗಳಿಗೆ ಪ್ರಯೋಜನವಾಗುವ ಒಂದು ವಿಜ್ಞಾನ ವಿಷಯದ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಯವರು ಕೇಳಿಕೊಂಡಾಗ ನಾನು ಆರಿಸಿಕೊಂಡದ್ದು ನ್ಯುಮೋನಿಯಾ ಲಸಿಕೆಯ ಆರಂಭದ ದಿನಗಳನ್ನು, ಅದರಲ್ಲೂ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳನ್ನು. ವಾರ್ಷಿಕ ಸಮಾವೇಶದಲ್ಲಿ ಮೊಲ, ಇಲಿಗಳ ಕಥೆಯೇ ಎಂದು ಹಿರಿಯರು ನಗಬಹುದು. ಆದರೆ ಇದು ನಗುವ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2019ರ ಒಂದೇ ವರ್ಷದಲ್ಲಿ ಪ್ರಪಂಚದಾದ್ಯಂತ ಐದು ವರ್ಷದೊಳಗಿನ ಸುಮಾರು 7 ಲಕ್ಷ 40 ಸಾವಿರ ಮಕ್ಕಳು ನ್ಯುಮೋನಿಯಾದಿಂದ ತೀರಿಕೊಂಡರು. ಮಕ್ಕಳಲ್ಲಿ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗುವುದು ನ್ಯುಮೋಕಾಕಸ್ ಎಂಬ ರೋಗಾಣು. ಈ ರೋಗಾಣುವಿನಿಂದ ಕೂಸುಗಳನ್ನು ಕಾಪಾಡುವ ಲಸಿಕೆ ಮೊದಲು ಬಳಕೆಗೆ ಬಂದದ್ದು 2000ನೇ ಇಸವಿಯಲ್ಲಿ, ಅಮೆರಿಕದಲ್ಲಿ. ಆದರೆ ಇದೇ ರೋಗಾಣುವಿನಿಂದ ಮೊಲವನ್ನು ಕಾಪಾಡುವುದು ಹೇಗೆಂದು 1891ರಲ್ಲೇ ಗೊತ್ತಾಗಿತ್ತು.

ಮೊಲದಿಂದ ಮಗುವಿಗೆ ಬರಲು ನೂರ ಒಂಬತ್ತು ವರ್ಷ ಬೇಕಾಯಿತು. ಏಕೆ? ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಮೊದಲು ರೋಗಾಣುವಿನ ಪರಿಚಯ ಮಾಡಿಕೊಳ್ಳೋಣ. 1880ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಹುಚ್ಚುನಾಯಿ ರೋಗದಿಂದ ಒಂದು ಮಗು ತೀರಿಕೊಂಡಿತು. ಆ ರೋಗದ ಬೆನ್ನು ಹತ್ತಿದ್ದ ಲೂಯಿ ಪಾಶ್ಚರ್ ಮಗುವಿನ ಜೊಲ್ಲನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳು ಬಹಳ ಬೇಗ ಸತ್ತವು. ಅವುಗಳ ರಕ್ತದಲ್ಲಿ ಜೋಡಿ ಜೋಡಿಯಾಗಿ ನಿಂತ, ಸುತ್ತಲೂ ಪೊರೆಯಂಥ ಹೊದಿಕೆ ಇದ್ದ ಚಿಕ್ಕ ಕಾಳಿನಂತಹ ಜೀವಿಗಳು ಕಂಡವು. ಅದೇ ಸಮಯದಲ್ಲಿ ಅಮೆರಿಕದ ಸೇನಾ ವೈದ್ಯ ಜಾರ್ಜ್ ಸ್ಟರ್ನ್‌ಬರ್ಗ್ ತಮ್ಮದೇ ಜೊಲ್ಲನ್ನು ಮೊಲಕ್ಕೆ ಚುಚ್ಚಿ ಅದೇ ಜೀವಿಯನ್ನು ಕಂಡಿದ್ದರು. ಸ್ಟರ್ನ್‌ಬರ್ಗ್‌ಗೆ ಯಾವ ಕಾಯಿಲೆಯೂ ಇರಲಿಲ್ಲ ಎಂಬುದನ್ನು ಗಮನಿಸಿ. ಆರೋಗ್ಯವಂತನ ಬಾಯಿ, ಗಂಟಲಿನಲ್ಲೂ ಈ ಜೀವಿ ಸುಮ್ಮನೆ ವಾಸವಾಗಿರುತ್ತದೆ. ಆದ್ದರಿಂದಲೇ ಇದು ನ್ಯುಮೋನಿಯಾಕ್ಕೆ ಕಾರಣ ಎಂದು ಸಾಬೀತುಪಡಿಸಲು ಇನ್ನೂ ಐದಾರು ವರ್ಷ ಹಿಡಿಯಿತು. ಆ ಕೆಲಸ ಜರ್ಮನಿಯ ಆಲ್ಬರ್ಟ್ ಫ್ರೆಂಕೆಲ್ ಮತ್ತು ವಿಯೆನ್ನಾದ ವೈಕ್ಸೆಲ್‌ಬಾಮ್ ಅವರಿಂದ ಆಯಿತು. ನೀವು ಲ್ಯಾಬಿನಲ್ಲಿ ಮಾಡುವ ಗ್ರಾಂ ಸ್ಟೇನ್ ಇದೆಯಲ್ಲ, ಅದು ಹುಟ್ಟಿದ್ದು ಕೂಡ 1884ರಲ್ಲಿ, ಬರ್ಲಿನ್ನಿನಲ್ಲಿ, ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದಲ್ಲಿ ರೋಗಾಣುವನ್ನು ಹುಡುಕುವಾಗಲೇ.

ಈಗ ಬರ್ಲಿನ್ನಿಗೆ ಬರೋಣ. 1890ರ ಕೊನೆಯಲ್ಲಿ ಅಲ್ಲಿ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಒಂದು ದೊಡ್ಡ ಸುದ್ದಿ ಕೊಟ್ಟಿದ್ದರು. ಧನುರ್ವಾಯು ಮತ್ತು ಡಿಫ್ತೀರಿಯಾ ರೋಗಗಳಿಗೆ ನಿರೋಧ ಪಡೆದ ಪ್ರಾಣಿಯ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಬೇರೊಂದು ಪ್ರಾಣಿಯನ್ನೂ ಕಾಪಾಡುತ್ತದೆ ಎಂಬುದೇ ಆ ಸುದ್ದಿ. ನ್ಯುಮೋನಿಯಾಕ್ಕೂ ಹೀಗೆಯೇ ಆಗಬಾರದೇಕೆ ಎಂದು ಕೇಳಿಕೊಂಡವರು ಗೇಯಾರ್ಗ್ ಕ್ಲೆಂಪೆರರ್ ಮತ್ತು ಫೆಲಿಕ್ಸ್ ಕ್ಲೆಂಪೆರರ್ ಎಂಬ ಅಣ್ಣತಮ್ಮಂದಿರು. ಇಬ್ಬರೂ ಇಪ್ಪತ್ತೈದರ ಆಸುಪಾಸಿನ ತರುಣ ವೈದ್ಯರು. (ಇವರ ಕಿರಿಯ ತಮ್ಮನೇ ಹಿಟ್ಲರನ ಕಾಲದ ಭಾಷೆಯ ಬಗ್ಗೆ ಬರೆದು ಹೆಸರಾದ ವಿಕ್ಟರ್ ಕ್ಲೆಂಪೆರರ್. ಯಹೂದಿ ಮನೆತನ. ನಾಜಿಗಳ ಆಡಳಿತ ಬಂದ ಮೇಲೆ ಗೇಯಾರ್ಗ್ ದೇಶ ಬಿಟ್ಟು ಅಮೆರಿಕಕ್ಕೆ ಹೋಗಬೇಕಾಯಿತು.)

ಅವರು ಮಾಡಿದ್ದು ಇಷ್ಟು. ನ್ಯುಮೋಕಾಕಸ್ ಬೆಳೆಸಿದ ಸಾರನ್ನು ಬಿಸಿ ಮಾಡಿ ರೋಗಾಣುಗಳನ್ನು ಕೊಂದು, ಅದನ್ನು ಮೊಲಗಳಿಗೆ ಚುಚ್ಚಿದರು. ಕೆಲವು ದಿನ ಬಿಟ್ಟು ಅವೇ ಮೊಲಗಳಿಗೆ ಜೀವಂತ ರೋಗಾಣುಗಳನ್ನು ಚುಚ್ಚಿದರು. ಬೇರೆ ಮೊಲವಾದರೆ ಎರಡು ದಿನದಲ್ಲಿ ಸಾಯಬೇಕಿತ್ತು. ಇವು ಸಾಯಲಿಲ್ಲ. ಆ ಮೊಲಗಳ ಸೀರಂ ತೆಗೆದು ಬೇರೆ ಮೊಲಗಳಿಗೆ ಕೊಟ್ಟಾಗ ಅವೂ ಬದುಕಿದವು. ನ್ಯುಮೋನಿಯಾದಿಂದ ಚೇತರಿಸಿಕೊಂಡ ಮನುಷ್ಯರ ಸೀರಂ ಕೂಡ ಮೊಲವನ್ನು ಕಾಪಾಡಿತು.

ಈ ಕೊನೆಯ ಮಾತಿನ ಮಹತ್ವ ತಿಳಿಯಬೇಕಾದರೆ ಆಗಿನ ನ್ಯುಮೋನಿಯಾ ಹೇಗಿರುತ್ತಿತ್ತು ಎಂದು ತಿಳಿದಿರಬೇಕು. ಔಷಧವಿಲ್ಲದ ಕಾಲ. ರೋಗಿ ಒಂದು ವಾರದವರೆಗೆ ಸುಡುವ ಜ್ವರದಲ್ಲಿ, ಏದುಸಿರಿನಲ್ಲಿ ಮಲಗಿರುತ್ತಿದ್ದ. ಏಳನೆಯ ಅಥವಾ ಎಂಟನೆಯ ದಿನದ ಹೊತ್ತಿಗೆ, ಬದುಕುವವನಾಗಿದ್ದರೆ, ಕೆಲವೇ ಗಂಟೆಗಳಲ್ಲಿ ಮೈಯೆಲ್ಲ ಬೆವತು ಜ್ವರ ಇಳಿದುಬಿಡುತ್ತಿತ್ತು. ವೈದ್ಯರು ಅದಕ್ಕೆ ಕ್ರೈಸಿಸ್ ಎನ್ನುತ್ತಿದ್ದರು. ಹಾಗೇಕೆ ಆಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ರೋಗಿಯ ರಕ್ತದಲ್ಲೇ ರೋಗವನ್ನು ಎದುರಿಸುವ ವಸ್ತು ತಯಾರಾಗಿದೆ ಎಂದು ಮೊಲ ತೋರಿಸಿಕೊಟ್ಟಿತು. ಅದನ್ನೇ ನಾವು ಇಂದು ಪ್ರತಿಕಾಯ ಎನ್ನುತ್ತೇವೆ.

ಇದಿಷ್ಟೇ ಆಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಕ್ಲೆಂಪೆರರ್ ಸಹೋದರರು ಇನ್ನೊಂದು ಸಂಗತಿಯನ್ನೂ ಬರೆದಿಟ್ಟರು. ಯಾವ ರೋಗಿಯಿಂದ ತೆಗೆದ ರೋಗಾಣುವಿನಿಂದ ಮೊಲಕ್ಕೆ ಲಸಿಕೆ ಹಾಕಿದರೋ ಆ ರೋಗಾಣುವಿನಿಂದ ಮೊಲಕ್ಕೆ ರಕ್ಷಣೆ ಸಿಕ್ಕಿತು. ಬೇರೆ ಕಡೆಯಿಂದ ತಂದ ನ್ಯುಮೋಕಾಕಸ್ ಚುಚ್ಚಿದರೆ ಎಲ್ಲ ಸಲವೂ ರಕ್ಷಣೆ ಸಿಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಒಂದೇ, ಮೊಲದ ರಕ್ತಕ್ಕೆ ಮಾತ್ರ ಅವು ಬೇರೆ ಬೇರೆ. ನನ್ನ ಅಭಿಪ್ರಾಯದಲ್ಲಿ ಅವರ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ಭಾಗ ಇದೇ. 'ಲಸಿಕೆ ಕೆಲಸ ಮಾಡಿತು' ಎಂಬ ಮೊದಲ ಭಾಗ ಊರೆಲ್ಲ ಹರಡಿತು. 'ಆದರೆ' ಎಂದು ಶುರುವಾಗುವ ಎರಡನೆಯ ಭಾಗ ಕಪಾಟಿನಲ್ಲಿ ಉಳಿಯಿತು.

ಅದರ ಬೆಲೆ ತೆತ್ತವರು ಯಾರು ನೋಡಿ. ದಕ್ಷಿಣ ಆಫ್ರಿಕಾದ ವಿಟ್ವಾಟರ್ಸ್‌ರ್ಯಾಂಡ್ ಎಂಬಲ್ಲಿ ಚಿನ್ನದ ಗಣಿಗಳಿದ್ದವು. ಉತ್ತರದ ಬಿಸಿ ನಾಡುಗಳ ಹಳ್ಳಿಗಳಿಂದ ಕರಿಯ ಯುವಕರನ್ನು ಕೂಲಿಗೆ ಕರೆತರುತ್ತಿದ್ದರು. ಹಳ್ಳಿಯಲ್ಲಿ ಚದುರಿ ಬದುಕಿದ್ದ ಆ ಹುಡುಗರನ್ನು ಬ್ಯಾರಕ್ಕಿನಂತಹ ಕೊಠಡಿಗಳಲ್ಲಿ ಒತ್ತೊತ್ತಾಗಿ ಮಲಗಿಸುತ್ತಿದ್ದರು. ಭೂಮಿಯ ಕೆಳಗೆ ಸೆಕೆ, ಬೆವರಿದ ಮೈಯಲ್ಲೇ ಮೇಲೆ ಬಂದರೆ ಚಳಿ. ಬಂದ ಮೊದಲ ತಿಂಗಳುಗಳಲ್ಲೇ ನ್ಯುಮೋನಿಯಾ ಅವರನ್ನು ಸಾಲುಸಾಲಾಗಿ ಬಲಿ ತೆಗೆದುಕೊಳ್ಳುತ್ತಿತ್ತು. ಸಾವು ಎಷ್ಟು ಹೆಚ್ಚಿತ್ತೆಂದರೆ, 22ನೇ ಅಕ್ಷಾಂಶದ ಉತ್ತರದಿಂದ ಕೂಲಿಗಳನ್ನು ತರಬಾರದೆಂದು 1913ರಲ್ಲಿ ಅಲ್ಲಿನ ಸರ್ಕಾರವೇ ನಿಷೇಧ ಹೇರಿತು.

ಗಣಿ ಮಾಲೀಕರು 1911ರಲ್ಲಿ ಲಂಡನ್ನಿನಿಂದ ಸರ್ ಆಲ್ಮ್‌ರಾತ್ ರೈಟ್ ಅವರನ್ನು ಕರೆಸಿದರು. ಟೈಫಾಯಿಡ್ ಲಸಿಕೆಯಿಂದ ಹೆಸರಾಗಿದ್ದವರು ಇವರು. ಪ್ಲೇಗ್ ಆಯೋಗದ ಸದಸ್ಯರಾಗಿ 1898ರಲ್ಲಿ ನಮ್ಮ ದೇಶಕ್ಕೂ ಬಂದು ಸೈನಿಕರಿಗೆ ಟೈಫಾಯಿಡ್ ಚುಚ್ಚುಮದ್ದು ಹಾಕಿ ಹೋಗಿದ್ದರು. ಟೈಫಾಯಿಡ್ಡಿನಲ್ಲಿ ಯಾವ ರೋಗಾಣುವಾದರೂ ಹೆಚ್ಚುಕಡಿಮೆ ಒಂದೇ. ನ್ಯುಮೋಕಾಕಸ್ಸಿನಲ್ಲಿ ಹಾಗಲ್ಲ ಎಂದು ಮೊಲ ಇಪ್ಪತ್ತು ವರ್ಷ ಮೊದಲೇ ಹೇಳಿತ್ತು. 1910ರ ಹೊತ್ತಿಗೆ ಜರ್ಮನಿಯಲ್ಲಿ ಫ್ರೆಡ್ ನೊಯ್‌ಫೆಲ್ಡ್ ಅದನ್ನು ಸೀರಂ ಪರೀಕ್ಷೆಯಿಂದ ಖಚಿತವಾಗಿ ತೋರಿಸಿಯೂ ಇದ್ದರು. ರೈಟ್ ಅವರು ಬಗೆಗಳ ಗೊಡವೆಗೆ ಹೋಗದೆ ಕೊಂದ ನ್ಯುಮೋಕಾಕಸ್ಸಿನ ಲಸಿಕೆಯನ್ನು ಸುಮಾರು 50 ಸಾವಿರ ಕಾರ್ಮಿಕರ ಮೇಲೆ ಪ್ರಯೋಗಿಸಿದರು. ಲಸಿಕೆಯಿಂದ ಲಾಭವಾಯಿತು ಎಂದು 1914ರಲ್ಲಿ ಬರೆದರು. ಅಂಕಿಅಂಶ ನೋಡಿದ ಇತರರಿಗೆ ಆ ಲಾಭ ಅಷ್ಟೇನೂ ಸ್ಪಷ್ಟವಾಗಿ ಕಾಣಲಿಲ್ಲ. ಆ ಕಾರ್ಮಿಕರ ಒಪ್ಪಿಗೆಯನ್ನು ಇಂದಿನ ಅರ್ಥದಲ್ಲಿ ಯಾರೂ ಕೇಳಿದ್ದಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ರೈಟ್ ಹೋದ ಮೇಲೆ ಅಲ್ಲಿಯೇ ಉಳಿದು ಕೆಲಸ ಮಾಡಿದ ಸ್ಪೆನ್ಸರ್ ಲಿಸ್ಟರ್ ಎಂಬವರು, ಗಣಿಯ ರೋಗಿಗಳಲ್ಲಿ ನಿಜವಾಗಿ ಯಾವ ಯಾವ ಬಗೆಯ ನ್ಯುಮೋಕಾಕಸ್ ಇದೆ ಎಂದು ಮೊದಲು ವಿಂಗಡಿಸಿದರು. ಆ ಬಗೆಗಳನ್ನೇ ಸೇರಿಸಿ ಲಸಿಕೆ ಮಾಡಿದರು. ಸರಿಯಾದ ದಾರಿ ಅದು. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸುತ್ತೇನೆ. 1913-14ರಲ್ಲಿ ಪನಾಮಾ ಕಾಲುವೆಯ ಖ್ಯಾತಿಯ ವೈದ್ಯ ವಿಲಿಯಂ ಗೋರ್ಗಾಸ್ ಗಣಿಗಳಿಗೆ ಬಂದು, ಕಾರ್ಮಿಕರಿಗೆ ಮಲಗಲು ಹೆಚ್ಚು ಜಾಗ ಕೊಡಿ, ಗುಂಪು ಕಡಿಮೆ ಮಾಡಿ ಎಂದು ಸಲಹೆ ಕೊಟ್ಟರು. ಸಿರಿಂಜಿಗಿಂತ ಅದು ಖರ್ಚಿನ ಮಾತಾಗಿತ್ತು.

ಇನ್ನು ಅಮೆರಿಕಕ್ಕೆ ಹೋಗೋಣ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ಪತ್ರೆಯಲ್ಲಿ 1913ರ ವೇಳೆಗೆ ನ್ಯುಮೋಕಾಕಸ್ಸನ್ನು ಒಂದು, ಎರಡು, ಮೂರು ಎಂದು ಬಗೆಗಳಾಗಿ ವಿಂಗಡಿಸಿ, ಉಳಿದವನ್ನೆಲ್ಲ ನಾಲ್ಕನೆಯ ಗುಂಪಿಗೆ ಹಾಕಿದ್ದರು. ರೋಗಿಯಲ್ಲಿರುವುದು ಯಾವ ಬಗೆ ಎಂದು ತಿಳಿಯಲು ಕಫವನ್ನು ಬಿಳಿ ಇಲಿಯ ಹೊಟ್ಟೆಗೆ ಚುಚ್ಚುತ್ತಿದ್ದರು. ಕಫದಲ್ಲಿ ನೂರೆಂಟು ಜೀವಿಗಳಿದ್ದರೂ ಇಲಿಯ ದೇಹದಲ್ಲಿ ನ್ಯುಮೋಕಾಕಸ್ ಮಾತ್ರ ಹುಲುಸಾಗಿ ಬೆಳೆಯುತ್ತಿತ್ತು. ಇಲಿಯೇ ಅವರ ಜರಡಿಯಾಗಿತ್ತು ಎನ್ನಬಹುದು. ಒಂದನೆಯ ಬಗೆಗೆ ಕುದುರೆಯಿಂದ ತೆಗೆದ ಸೀರಂ ಕೊಟ್ಟು ಎಷ್ಟೋ ರೋಗಿಗಳನ್ನು ಉಳಿಸಿದರು.

ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ ಒಂದಿದೆ. ಮೊಲ, ಇಲಿಗಳಿಗೆ ಬರುತ್ತಿದ್ದುದು ನ್ಯುಮೋನಿಯಾವೇ? ಅಲ್ಲ. ಅವುಗಳಲ್ಲಿ ರೋಗಾಣು ರಕ್ತಕ್ಕೆ ನುಗ್ಗಿ ಇಡೀ ಮೈಯನ್ನು ವಿಷಮಯ ಮಾಡಿ ಕೊಲ್ಲುತ್ತಿತ್ತು. ನಮ್ಮಂತೆ ಶ್ವಾಸಕೋಶದ ಒಂದು ಭಾಗ ಗಟ್ಟಿಯಾಗುವ ರೋಗ ಅದಲ್ಲ. ಈ ಕೊರತೆಯನ್ನು ನೀಗಲು 1920ರಲ್ಲಿ ಫ್ರಾನ್ಸಿಸ್ ಬ್ಲೇಕ್ ಮತ್ತು ರಸೆಲ್ ಸೆಸಿಲ್ ಎಂಬವರು ಕೋತಿಗಳ ಶ್ವಾಸನಾಳಕ್ಕೆ ರೋಗಾಣು ಬಿಟ್ಟು, ಮನುಷ್ಯನಿಗೆ ಬರುವಂತಹದೇ ನ್ಯುಮೋನಿಯಾ ಬರಿಸಿ ಅಭ್ಯಾಸ ಮಾಡಿದರು. ಪ್ರಾಣಿಗಳು ಪಟ್ಟ ಪಾಡನ್ನು ನೆನೆದರೆ ಮನಸ್ಸಿಗೆ ಕಷ್ಟವಾಗುತ್ತದೆ. ಅಷ್ಟು ಬೆಲೆ ಕೊಟ್ಟು ಪಡೆದ ಉತ್ತರವನ್ನು ಅರ್ಧ ಓದಿ ಬಿಡುವುದು ಇನ್ನೂ ಕಷ್ಟದ ಮಾತು.

ಈ ಬಗೆಗಳ ವ್ಯತ್ಯಾಸ ರೋಗಾಣುವಿನ ಯಾವ ಭಾಗದಲ್ಲಿದೆ? 1917ರಲ್ಲಿ ಅಲ್ಫೋನ್ಸ್ ಡೋಶೆ ಮತ್ತು ಆಸ್ವಲ್ಡ್ ಎವರಿ ಒಂದು ವಿಚಿತ್ರ ಕಂಡರು. ನ್ಯುಮೋನಿಯಾ ರೋಗಿಗಳ ಮೂತ್ರದಲ್ಲೂ ರಕ್ತದಲ್ಲೂ ಕರಗಿದ ಒಂದು ವಸ್ತು ಸಿಗುತ್ತದೆ. ಆಯಾ ಬಗೆಯ ಸೀರಂ ಹಾಕಿದರೆ ಅದು ಒಡನೆಯೇ ಮಡ್ಡಿಗಟ್ಟುತ್ತದೆ. 1923ರಲ್ಲಿ ರಸಾಯನಶಾಸ್ತ್ರಜ್ಞ ಮೈಕೆಲ್ ಹೈಡೆಲ್‌ಬರ್ಗರ್ ಎವರಿಯವರ ಜೊತೆ ಸೇರಿ ಅದನ್ನು ಶುದ್ಧ ಮಾಡಿ ನೋಡಿದರು. ಎಲ್ಲರೂ ಪ್ರೋಟೀನ್ ಇರಬೇಕೆಂದುಕೊಂಡಿದ್ದರು. ಅದು ಪಾಲಿಸ್ಯಾಕರೈಡ್, ಅಂದರೆ ಸಕ್ಕರೆಯ ಅಣುಗಳು ಸರಪಳಿಯಂತೆ ಜೋಡಿಸಿಕೊಂಡ ವಸ್ತುವಾಗಿತ್ತು. ಪಾಶ್ಚರ್ ಕಂಡಿದ್ದ ಆ ಹೊದಿಕೆ, ಆ ಕವಚ, ಇದರಿಂದಲೇ ಆದದ್ದು. ನಮ್ಮ ರಕ್ತದ ಬಿಳಿಕಣಗಳು ರೋಗಾಣುವನ್ನು ಹಿಡಿದು ನುಂಗಲು ಹೋದರೆ ಈ ಕವಚ ಕೈಗೆ ಸಿಗದಂತೆ ಮಾಡುತ್ತದೆ, ಮೈಗೆ ಎಣ್ಣೆ ಹಚ್ಚಿಕೊಂಡ ಕುಸ್ತಿಪಟುವಿನ ಹಾಗೆ. ಪ್ರತಿಕಾಯ ಬಂದು ಕವಚಕ್ಕೆ ಅಂಟಿಕೊಂಡರೆ ಬಿಳಿಕಣಗಳಿಗೆ ಹಿಡಿತ ಸಿಗುತ್ತದೆ. ಪ್ರತಿ ಬಗೆಯ ಸಕ್ಕರೆ ಸರಪಳಿಯ ಜೋಡಣೆ ಬೇರೆ, ಆದ್ದರಿಂದ ಪ್ರತಿಕಾಯವೂ ಬೇರೆ. ಕ್ಲೆಂಪೆರರ್ ಸಹೋದರರ 'ಆದರೆ'ಗೆ ಉತ್ತರ ಸಿಗಲು ಮೂವತ್ತೆರಡು ವರ್ಷವಾಯಿತು.

ದ್ವಿತೀಯ ಪಿಯುಸಿ ವಿಜ್ಞಾನದವರಿಗೆ ಗ್ರಿಫಿತ್ ಪ್ರಯೋಗ ನೆನಪಿರಬಹುದು. ಕವಚವಿರುವ ರೋಗಾಣು ಇಲಿಯನ್ನು ಕೊಲ್ಲುತ್ತದೆ, ಕವಚವಿಲ್ಲದ್ದು ಕೊಲ್ಲುವುದಿಲ್ಲ ಎಂದು ಓದಿರುತ್ತೀರಿ. ಆ 1928ರ ಪ್ರಯೋಗದ ರೋಗಾಣು ಇದೇ ನ್ಯುಮೋಕಾಕಸ್. ಡಿಎನ್‌ಎಯೇ ಅನುವಂಶೀಯ ವಸ್ತು ಎಂದು 1944ರಲ್ಲಿ ತೋರಿಸಿದ್ದು ಇದೇ ಎವರಿಯವರ ತಂಡ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಆ ಪುಟದ ಹಿಂದೆ ನ್ಯುಮೋನಿಯಾ ವಾರ್ಡುಗಳಿದ್ದವು ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ.

ಇನ್ನೇನು, ಶುದ್ಧವಾದ ಸಕ್ಕರೆಯನ್ನೇ ಲಸಿಕೆಯಾಗಿ ಕೊಟ್ಟರೆ ಮುಗಿಯಿತಲ್ಲ ಎನ್ನುತ್ತೀರಿ. ಅವರೂ ಹಾಗೆಯೇ ಯೋಚಿಸಿದರು. ಆ ಸಕ್ಕರೆಯನ್ನು ಮೊಲಕ್ಕೆ ಚುಚ್ಚಿದರು. ಏನೂ ಆಗಲಿಲ್ಲ! ಇಡೀ ರೋಗಾಣುವನ್ನು ಕೊಂದು ಚುಚ್ಚಿದರೆ ಧಾರಾಳವಾಗಿ ಪ್ರತಿಕಾಯ ಕೊಡುವ ಮೊಲ, ಶುದ್ಧ ಸಕ್ಕರೆಗೆ ಸುಮ್ಮನೆ ಕುಳಿತುಬಿಟ್ಟಿತು. ಇದು ಪ್ರತಿಕಾಯದ ಜೊತೆ ಕೂಡಿಕೊಳ್ಳಬಲ್ಲದೇ ಹೊರತು ತಾನಾಗಿ ಪ್ರತಿಕಾಯ ಹುಟ್ಟಿಸಲಾರದು ಎಂದು ತೀರ್ಮಾನಿಸಿದರು. ಇಂತಹ ವಸ್ತುಗಳಿಗೆ ಹ್ಯಾಪ್ಟೆನ್ ಎಂಬ ಹೆಸರಿದೆ. ತೀರ್ಮಾನ ಮೊಲದ ಮಟ್ಟಿಗೆ ಸರಿಯೇ. ಎಲ್ಲ ಪ್ರಾಣಿಗಳಿಗೂ ಅದನ್ನೇ ಅನ್ವಯಿಸಿಕೊಂಡದ್ದು ದುಡುಕು.

1927ರಲ್ಲಿ ಜರ್ಮನಿಯ ಶೀಮನ್ ಮತ್ತು ಕಾಸ್ಪರ್ ಎಂಬವರು ಅದೇ ಶುದ್ಧ ಸಕ್ಕರೆಯನ್ನು ಇಲಿಗೆ ಕೊಟ್ಟರು. ಇಲಿಗಳಿಗೆ ರಕ್ಷಣೆ ಸಿಕ್ಕಿತು. ಈಗ ಒಂದು ಕಡೆ ಮೊಲ 'ಇಲ್ಲ' ಎನ್ನುತ್ತಿದೆ, ಇನ್ನೊಂದು ಕಡೆ ಇಲಿ 'ಹೌದು' ಎನ್ನುತ್ತಿದೆ. ಇಲಿಯಲ್ಲೂ ಒಂದು ತೊಡಕಿತ್ತು. ಮೈಕ್ರೋಗ್ರಾಮಿನ ಲೆಕ್ಕದಲ್ಲಿ ಅತಿ ಸ್ವಲ್ಪ ಕೊಟ್ಟರೆ ರಕ್ಷಣೆ ಸಿಗುತ್ತದೆ, ಮಿಲಿಗ್ರಾಮಿನ ಲೆಕ್ಕಕ್ಕೆ ಏರಿಸಿದರೆ ರಕ್ಷಣೆಯೇ ಹುಟ್ಟುವುದಿಲ್ಲ. ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂಬ ನಮ್ಮ ಟಾನಿಕ್ ಬುದ್ಧಿ ಇಲ್ಲಿ ನಡೆಯದು. ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಲಾಯ್ಡ್ ಫೆಲ್ಟನ್.

ಮನುಷ್ಯ ಮೊಲದ ಪಕ್ಷವೋ ಇಲಿಯ ಪಕ್ಷವೋ? ಉತ್ತರ ಹುಡುಕದೆಯೇ ಸಿಕ್ಕಿತು. ಥಾಮಸ್ ಫ್ರಾನ್ಸಿಸ್ ಮತ್ತು ವಿಲಿಯಂ ಟಿಲೆಟ್ ಎಂಬ ವೈದ್ಯರು ನ್ಯುಮೋನಿಯಾ ರೋಗಿಗಳ ಚರ್ಮಕ್ಕೆ ಪರೀಕ್ಷೆಗೆಂದು ಬೇರೆ ಬೇರೆ ಬಗೆಯ ಸಕ್ಕರೆಯನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚುತ್ತಿದ್ದರು. ರೋಗಿಗೆ ಬಂದಿರದ ಬಗೆಗಳಿಗೂ ಅವರ ರಕ್ತದಲ್ಲಿ ಪ್ರತಿಕಾಯ ಕಾಣಿಸಿಕೊಂಡಿತು. ಅದು ಎಲ್ಲಿಂದ ಬಂತು? ಆ ಚುಚ್ಚುವಿಕೆಯಿಂದಲೇ. 1930ರಲ್ಲಿ ಅವರು ಇದನ್ನು ಪ್ರಕಟಿಸಿದರು. ಬೆಳೆದ ಮನುಷ್ಯ ಈ ವಿಷಯದಲ್ಲಿ ಇಲಿಯ ಪಕ್ಷ ಎಂದಾಯಿತು.

ಇಲ್ಲಿಗೆ ಮೊಲವನ್ನು ಮರೆತುಬಿಡಬಹುದಿತ್ತು. ಎವರಿ ಮರೆಯಲಿಲ್ಲ. ಮೊಲ ಏಕೆ 'ಇಲ್ಲ' ಎಂದಿತು, ಅದರಿಂದ 'ಹೌದು' ಎನಿಸುವುದು ಹೇಗೆ ಎಂದು ಯೋಚಿಸಿದರು. 1931ರಲ್ಲಿ ಅವರೂ ವಾಲ್ಟರ್ ಗೋಬೆಲ್ ಅವರೂ ಮೂರನೆಯ ಬಗೆಯ ಸಕ್ಕರೆಯನ್ನು ಕುದುರೆ ಸೀರಂನ ಒಂದು ಪ್ರೋಟೀನಿಗೆ ರಾಸಾಯನಿಕವಾಗಿ ಬೆಸೆದು ಮೊಲಕ್ಕೆ ಚುಚ್ಚಿದರು. ಸಕ್ಕರೆ ಅದೇ, ಮೊಲವೂ ಅದೇ ಜಾತಿಯದು. ಈ ಸಲ ಪ್ರತಿಕಾಯ ಬಂತು, ರಕ್ಷಣೆಯೂ ಸಿಕ್ಕಿತು. ಆ ಪ್ರಯೋಗಕ್ಕೆ ಆಗ ಯಾವ ತುರ್ತು ಉಪಯೋಗವೂ ಇದ್ದಂತೆ ಕಾಣಲಿಲ್ಲ. ದೊಡ್ಡವರಿಗೆ ಶುದ್ಧ ಸಕ್ಕರೆಯೇ ಸಾಕಾಗಿತ್ತಲ್ಲ!

ದೊಡ್ಡವರಿಗೆ ಸಾಕು ಎಂಬುದು ಎರಡನೆಯ ಮಹಾಯುದ್ಧದಲ್ಲಿ ಸಾಬೀತಾಯಿತು. ಅಮೆರಿಕದ ಸೂ ಫಾಲ್ಸ್ ಎಂಬಲ್ಲಿ ವಾಯುಸೇನೆಯ ತರಬೇತಿ ಶಾಲೆ ಇತ್ತು. ಅಲ್ಲಿ ನ್ಯುಮೋನಿಯಾ ಬಹಳ. ಕಾಲಿನ್ ಮೆಕ್‌ಲಿಯೋಡ್ (ಡಿಎನ್‌ಎ ಪ್ರಯೋಗದಲ್ಲಿ ಎವರಿಯವರ ಸಂಗಡಿಗರು) ಮತ್ತು ಹೈಡೆಲ್‌ಬರ್ಗರ್ ಮೊದಲಾದವರು 17,035 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನಾಲ್ಕು ಬಗೆಯ ಸಕ್ಕರೆ ಸೇರಿದ ಲಸಿಕೆ ಹಾಕಿದರು, ಉಳಿದರ್ಧಕ್ಕೆ ಬರೀ ಉಪ್ಪುನೀರು. 1945ರಲ್ಲಿ ಫಲಿತಾಂಶ ಪ್ರಕಟವಾಯಿತು. ಲಸಿಕೆ ಪಡೆದವರಲ್ಲಿ ಮೊದಲ ಎರಡು ವಾರ ಕಳೆದ ಮೇಲೆ ಆ ನಾಲ್ಕು ಬಗೆಗಳ ನ್ಯುಮೋನಿಯಾ ನಿಂತೇ ಹೋಯಿತು. ಲಸಿಕೆಯಲ್ಲಿ ಇಲ್ಲದ ಬಗೆಗಳ ನ್ಯುಮೋನಿಯಾ ಮಾತ್ರ ಎರಡೂ ಗುಂಪುಗಳಲ್ಲಿ ಒಂದೇ ತೆರನಾಗಿ ಇತ್ತು. 1891ರ ಮೊಲ ಹೇಳಿದ ಎರಡೂ ಭಾಗಗಳು ಸಾವಿರಾರು ಮನುಷ್ಯರಲ್ಲಿ ಅಕ್ಷರಶಃ ನಿಜವಾದವು.

ಯುದ್ಧ ಮುಗಿದ ಮೇಲೆ ಈ ಲಸಿಕೆ ಅಮೆರಿಕದ ಪೇಟೆಗೂ ಬಂತು. ಆದರೆ ಕೊಳ್ಳುವವರಿರಲಿಲ್ಲ. ಅಷ್ಟರಲ್ಲಿ ಪೆನಿಸಿಲಿನ್ ಬಂದಿತ್ತು. (ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್, ಗಣಿ ಕಾರ್ಮಿಕರ ಮೇಲೆ ಪ್ರಯೋಗ ಮಾಡಿದ ಅದೇ ರೈಟ್ ಅವರ ವಿಭಾಗದವರು.) ಚುಚ್ಚುಮದ್ದಿನಿಂದ ವಾಸಿಯಾಗುವ ರೋಗಕ್ಕೆ ಲಸಿಕೆ ಏಕೆ ಎಂದು ವೈದ್ಯರೇ ಕೇಳಿದರು. ಕಂಪನಿ ಲಸಿಕೆಯನ್ನು ಹಿಂತೆಗೆದುಕೊಂಡಿತು. ಪೆನಿಸಿಲಿನ್ ಬಂದ ಮೇಲೂ ಆಸ್ಪತ್ರೆಗಳಲ್ಲಿ ಜನ ನ್ಯುಮೋನಿಯಾದಿಂದ ಸಾಯುತ್ತಲೇ ಇದ್ದಾರೆ ಎಂದು ಎಣಿಸಿ ತೋರಿಸಲು ರಾಬರ್ಟ್ ಆಸ್ಟ್ರಿಯನ್ ಎಂಬ ಹಟವಾದಿ ವೈದ್ಯರೇ ಬೇಕಾಯಿತು. ರೋಗಾಣು ರಕ್ತಕ್ಕೆ ಸೇರಿದ ರೋಗಿಗಳಲ್ಲಿ ಮೊದಲ ಐದು ದಿನಗಳಲ್ಲಿ ಆಗುವ ಸಾವನ್ನು ಪೆನಿಸಿಲಿನ್ ಕೂಡ ತಡೆಯುತ್ತಿಲ್ಲ ಎಂದು ಅವರು 1964ರಲ್ಲಿ ತೋರಿಸಿದರು. ಆಮೇಲೆ 1970ರ ದಶಕದಲ್ಲಿ ಮತ್ತೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲೇ ಹೊಸ ಲಸಿಕೆಯ ಪರೀಕ್ಷೆ ನಡೆಸಿದರು. ಗಣಿ ಕಾರ್ಮಿಕರಲ್ಲಿ ಆಗಲೂ ನ್ಯುಮೋನಿಯಾ ಅಷ್ಟು ಹೆಚ್ಚಾಗಿತ್ತು ಎಂಬುದೇ ಇದರ ಅರ್ಥ. 1977ರಲ್ಲಿ 14 ಬಗೆಗಳ, 1983ರಲ್ಲಿ 23 ಬಗೆಗಳ ಲಸಿಕೆ ಬಂತು.

ಇಷ್ಟಾದರೂ ಕೂಸುಗಳಿಗೆ ಏನೂ ದಕ್ಕಲಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ಶುದ್ಧ ಸಕ್ಕರೆಯ ಲಸಿಕೆ ಹಾಕಿದರೆ ಅದರ ದೇಹ ಸರಿಯಾಗಿ ಪ್ರತಿಕಾಯ ತಯಾರಿಸುವುದಿಲ್ಲ. ಇದನ್ನು ಹಿಂದೆ ಎಲ್ಲೋ ಕೇಳಿದಂತಿದೆ ಅಲ್ಲವೇ? ಬೆಳೆದ ಮನುಷ್ಯ ಇಲಿಯ ಪಕ್ಷ, ಎಳೆಯ ಮಗು ಮೊಲದ ಪಕ್ಷ! ಮೊಲದಲ್ಲಿಯೂ ಮಗುವಿನಲ್ಲಿಯೂ ಒಳಗಿನ ಕಾರಣ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಪರಿಹಾರ ಒಂದೇ ಆಯಿತು. ಎವರಿ ಮತ್ತು ಗೋಬೆಲ್ ಮೊಲಕ್ಕಾಗಿ ಹುಡುಕಿದ್ದ ಉಪಾಯವನ್ನೇ, ಅಂದರೆ ಸಕ್ಕರೆಯನ್ನು ಪ್ರೋಟೀನಿಗೆ ಬೆಸೆಯುವುದನ್ನೇ, ರಾಬಿನ್ಸ್ ಮತ್ತು ಶ್ನೀರ್ಸನ್ ಅವರು 1980ರಲ್ಲಿ ಹಿಬ್ ಎಂಬ ಇನ್ನೊಂದು ರೋಗಾಣುವಿನ ಲಸಿಕೆಗಾಗಿ ಮತ್ತೆ ಕೈಗೆತ್ತಿಕೊಂಡರು. ಆ ದಾರಿಯಲ್ಲೇ 2000ನೇ ಇಸವಿಯಲ್ಲಿ ಏಳು ಬಗೆಗಳ ನ್ಯುಮೋಕಾಕಲ್ ಕಾಂಜುಗೇಟ್ ಲಸಿಕೆ ಬಂತು. ಕಾಂಜುಗೇಟ್ ಎಂದರೆ ಬೆಸೆದದ್ದು ಎಂದೇ ಅರ್ಥ. ಮೊಲ ಕೊಟ್ಟ 'ಇಲ್ಲ' ಎಂಬ ಉತ್ತರವನ್ನು ಕಸದ ಬುಟ್ಟಿಗೆ ಹಾಕಿದ್ದರೆ ಈ ಉಪಾಯ ಅಷ್ಟು ಬೇಗ ಹೊಳೆಯುತ್ತಿತ್ತೇ? ನೀವೇ ಯೋಚಿಸಿ.

ನಮ್ಮ ದೇಶದಲ್ಲಿ ಸರ್ಕಾರದ ಲಸಿಕಾ ಕಾರ್ಯಕ್ರಮಕ್ಕೆ ಇದು 2017ರಲ್ಲಿ ಕೆಲವು ರಾಜ್ಯಗಳಲ್ಲಿ ಸೇರಿತು, 2021ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 10 ಬಗೆಗಳ ಲಸಿಕೆಯನ್ನು ಕಡಿಮೆ ಬೆಲೆಗೆ ತಯಾರಿಸಿದ್ದರಿಂದ ಇದು ಸುಲಭವಾಯಿತು. ಮಗುವಿಗೆ ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಾದಾಗ ಮೂರು ಸಲ ಉಚಿತವಾಗಿ ಹಾಕುತ್ತಾರೆ. ತಾಯಿ ಕಾರ್ಡಿನಲ್ಲಿ ಪಿಸಿವಿ ಎಂದು ಬರೆದಿರುತ್ತದೆ. ಇಲ್ಲಿರುವ ತಾಯಂದಿರು, ಅಜ್ಜಿಯರು ಮನೆಗೆ ಹೋದಾಗ ಕಾರ್ಡು ತೆಗೆದು ನೋಡಿ. ಒಂಬತ್ತನೇ ತಿಂಗಳಿನದನ್ನು, ಮಗು ಚೆನ್ನಾಗಿಯೇ ಇದೆಯಲ್ಲ ಎಂದು ಬಿಟ್ಟುಬಿಡುವ ಮನೆಗಳುಂಟು.

ಆ ಹಳೆಯ 'ಆದರೆ' ಇನ್ನೂ ಇದೆ. ನ್ಯುಮೋಕಾಕಸ್ಸಿನ ಬಗೆಗಳು 100ಕ್ಕೂ ಹೆಚ್ಚು, ಲಸಿಕೆಯ ಸೀಸೆಯಲ್ಲಿರುವುದು ಕೆಲವು ಮಾತ್ರ. ಅಮೆರಿಕದಲ್ಲಿ ಏಳು ಬಗೆಗಳ ಲಸಿಕೆ ಬಂದ ಮೇಲೆ ಆ ಏಳು ಬಗೆಗಳು ಕಡಿಮೆಯಾದವು, ಲಸಿಕೆಯಲ್ಲಿ ಇಲ್ಲದ 19ಎ ಎಂಬ ಬಗೆ ತಲೆಯೆತ್ತಿತು. ಅದನ್ನೂ ಸೇರಿಸಿ 2010ರಲ್ಲಿ 13 ಬಗೆಗಳ ಲಸಿಕೆ ತರಬೇಕಾಯಿತು. ಆದ್ದರಿಂದ ಯಾವ ಊರಿನಲ್ಲಿ ಯಾವ ಬಗೆ ಓಡಾಡುತ್ತಿದೆ ಎಂದು ನೋಡುತ್ತಲೇ ಇರಬೇಕು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕೆಲಸ ನಡೆದಿದೆ. ಬಗೆ ಗುರುತಿಸಲು ಈಗ ಜೀನ್ ಆಧಾರಿತ ವಿಧಾನಗಳು ಬಂದಿವೆ. ಆದರೂ ಇವುಗಳನ್ನು ಒರೆಗೆ ಹಚ್ಚಿ ನೋಡುವ ಮೂಲ ವಿಧಾನ ನೊಯ್‌ಫೆಲ್ಡ್ 1902ರಲ್ಲಿ ಕಂಡದ್ದೇ. ಗಾಜಿನ ಪಟ್ಟಿಯ ಮೇಲೆ ರೋಗಾಣುವಿಗೆ ಒಂದು ಹನಿ ಸೀರಂ ಹಾಕಿದರೆ, ಬಗೆ ಹೊಂದಿದಾಗ ಕವಚ ಉಬ್ಬಿದಂತೆ ಕಾಣುತ್ತದೆ. ಆ ಸೀರಂ ಡೆನ್ಮಾರ್ಕ್‌ನಿಂದ ಚಿಕ್ಕ ಸೀಸೆಗಳಲ್ಲಿ ಬರುತ್ತದೆ, ಅದನ್ನು ತೆಗೆಯುವುದು ಲಸಿಕೆ ಹಾಕಿದ ಮೊಲಗಳ ರಕ್ತದಿಂದ.

ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.